ತಪ್ಪೊಪ್ಪಿಗೆಯ ಪಾಳಿ

ಸರ್ಕಾರದ ಕಾಗದವನ್ನು ನಂಬುವುದಾದರೆ ನನ್ನ ಗಂಡನಷ್ಟು ಕೆಟ್ಟ ಡ್ರೈವರು ಕುಂದಾಪುರ ತಾಲೂಕಿನಲ್ಲೇ ಇರಲಿಲ್ಲ. ಅವರ ಲೈಸೆನ್ಸು ಪುಸ್ತಕದ ಹಿಂದಿನ ಪುಟಗಳಲ್ಲಿ ಕೋರ್ಟಿನವರು ಕೆಂಪು ಶಾಯಿಯಲ್ಲಿ ಬರೆದು, ಸೀಲು ಒತ್ತಿ, ಮತ್ತೆ ಬರೆದು, ಜಾಗ ಸಾಲದೆ ಕಡೆಗೆ ಒಂದು ಚೀಟಿ ಅಂಟಿಸಿ ಅದರ ಮೇಲೂ ಬರೆದಿದ್ದರು. ಹೆಚ್ಚು ಜನ ಹಾಕಿದ್ದು, ವೇಗ ಮೀರಿದ್ದು, ದೀಪವಿಲ್ಲದೆ ಓಡಿಸಿದ್ದು, ನಿಲ್ಲಿಸಬಾರದಲ್ಲಿ ನಿಲ್ಲಿಸಿದ್ದು. ಇದನ್ನೆಲ್ಲ ಓದಿದವರು ಈ ಮನುಷ್ಯ ಬಸ್ಸು ಹತ್ತಿದ ದಿನ ರಸ್ತೆಯಲ್ಲಿ ಒಂದು ನಾಯಿಯೂ ಉಳಿಯಲಿಕ್ಕಿಲ್ಲ ಎಂದುಕೊಂಡಾರು. ನಾನು ಅವರ ಜೊತೆ ಸಂಸಾರ ಮಾಡಿದವಳು. ಎಮ್ಮೆ ರಸ್ತೆಗೆ ಅಡ್ಡ ಮಲಗಿದ್ದರೆ ಹಾರ್ನು ಕೂಡ ಹೊಡೆಯದೆ, ಅದು ತನ್ನ ಯೋಚನೆಯನ್ನೆಲ್ಲ ಮುಗಿಸಿ ಏಳುವವರೆಗೆ ಕಾಯುವ ಜನ ಅವರು. ಎಷ್ಟೋ ಸಲ ಬಸ್ಸಿನಲ್ಲಿದ್ದವರೇ ಇಳಿದುಹೋಗಿ ಎಮ್ಮೆಯನ್ನು ಎಬ್ಬಿಸಿದ್ದುಂಟು.

ಆ ಪುಸ್ತಕದಲ್ಲಿದ್ದ ತಪ್ಪುಗಳಲ್ಲಿ ಮುಕ್ಕಾಲು ಪಾಲು ಬೇರೆಯವರವು. ಇದನ್ನು ಬಂದವರಿಗೆಲ್ಲ ಹೇಳಿ ಹೇಳಿ ನನಗೆ ಸಾಕಾಗಿ ಹೋಗಿದೆ. ಕೇಳಿದವರು ಹೌದು ಹೌದೆಂದು ತಲೆಯಾಡಿಸಿ, ಕಾಫಿ ಕುಡಿದು, ಬೇಲಿಯ ದಣಪೆ ದಾಟಿದ ಮೇಲೆ ಗಂಡನನ್ನು ಬಿಟ್ಟುಕೊಡಲಿಕ್ಕೆ ಹೆಂಡತಿಗೆ ಮನಸ್ಸು ಬರುವುದುಂಟೇ ಎಂದು ಮಾತಾಡಿಕೊಂಡು ಹೋಗುತ್ತಾರೆ. ಹಾಗಾಗಿ ಇದೊಂದು ಸಲ ಬರೆದಿಟ್ಟು ಬಾಯಿ ಮುಚ್ಚಿಕೊಳ್ಳುವುದೆಂದು ಮಾಡಿದ್ದೇನೆ.

ನಮ್ಮ ಜಿಲ್ಲೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ವರ್ಷ ನನ್ನ ಮದುವೆಯಾಯಿತು. ನನ್ನ ತವರು ಬ್ರಹ್ಮಾವರದ ಹತ್ತಿರ. ಗಂಡನ ಮನೆ ತ್ರಾಸಿಯಲ್ಲಿ, ರಸ್ತೆಯ ಬದಿಗೇ. ಹುಡುಗನಿಗೆ ದೊಡ್ಡ ಗಾಡಿಯ ಲೈಸೆನ್ಸಿದೆ ಎಂದು ಕೇಳಿದ ಕೂಡಲೇ ನನ್ನ ಅಪ್ಪಯ್ಯ ಜಾತಕವನ್ನು ಅರ್ಧವೇ ನೋಡಿಸಿ ಒಪ್ಪಿಬಿಟ್ಟರು. ಆಗೆಲ್ಲ ಡ್ರೈವರೆಂದರೆ ಸಣ್ಣ ಮರ್ಯಾದೆಯಲ್ಲ. ಊರಿನಲ್ಲಿ ಕೈಗೆ ಗಡಿಯಾರ ಕಟ್ಟಿಕೊಂಡು ಓಡಾಡುವವರೆಂದರೆ ಶಾಲೆಯ ಹೆಡ್‌ಮಾಸ್ಟರು ಮತ್ತು ಬಸ್ಸಿನ ಡ್ರೈವರು, ಇಬ್ಬರೇ. ಹೆಡ್‌ಮಾಸ್ಟರ ಗಡಿಯಾರ ನಿಂತರೆ ಶಾಲೆಯ ಮಕ್ಕಳು ನಮ್ಮವರ ಬಸ್ಸು ನೋಡಿ ಗಂಟೆ ಹೊಡೆಯುತ್ತಿದ್ದರು.

ನಮ್ಮವರು ಓಡಿಸುತ್ತಿದ್ದದ್ದು ಕುಂದಾಪುರದಿಂದ ಶಿರೂರಿಗೆ ಹೋಗುವ ಖಾಸಗಿ ಬಸ್ಸು. ಒಬ್ಬ ಧಣಿ, ಕೆಲವು ಬಸ್ಸು, ನಾಲ್ಕು ಮಂದಿ ಡ್ರೈವರು. ಬೆಳಗಿನ ಟ್ರಿಪ್ಪು ನಮ್ಮ ಮನೆಯ ಎದುರಿಗೇ ಹಾದುಹೋಗುತ್ತಿತ್ತು. ನಾನು ಬುತ್ತಿ ಕಟ್ಟಿಕೊಂಡು ರಸ್ತೆಯ ಬದಿಗೆ ನಿಲ್ಲುವುದು, ಅವರು ಬಸ್ಸು ನಿಧಾನ ಮಾಡಿ ಕಿಟಕಿಯಿಂದ ಕೈ ಚಾಚಿ ತೆಗೆದುಕೊಳ್ಳುವುದು. ಬಸ್ಸಿನಲ್ಲಿದ್ದವರು ಇವತ್ತು ಎಂತ ಪದಾರ್ಥವೆಂದು ಮೂಗರಳಿಸಿ ಊಹಿಸುತ್ತಿದ್ದರಂತೆ. ಹುರುಳಿ ಸಾರೆಂದರೆ ಎರಡು ಸೀಟು ಹಿಂದಿದ್ದವರಿಗೂ ಗೊತ್ತಾಗುತ್ತಿತ್ತು.

ಬಸ್ಸುಗಳು ಕಡಿಮೆ, ಜನ ಹೆಚ್ಚು. ಕೋರ್ಟಿಗೆ ಹೋಗುವವರು, ಆಸ್ಪತ್ರೆಗೆ ಹೋಗುವವರು, ಸಂತೆಗೆ ಹೋಗುವವರು, ಮೀನಿನ ಬುಟ್ಟಿ ಹೊತ್ತ ಹೆಂಗಸರು, ಬೊಂಬಾಯಿಯಿಂದ ಟ್ರಂಕಿನೊಡನೆ ಬಂದಿಳಿದವರು. ರಸ್ತೆಯ ಬದಿಗೆ ನಿಂತು ಕೈ ತೋರಿಸಿದವರನ್ನು ಬಿಟ್ಟುಹೋಗುವುದೆಂದರೆ ಮರುದಿನ ಅದೇ ಮುಖವನ್ನು ನೋಡಬೇಕಲ್ಲ? ಹಾಗಾಗಿ ಲೆಕ್ಕಕ್ಕಿಂತ ಹೆಚ್ಚು ಜನರನ್ನು ತುಂಬದೆ ಯಾರಿಗೂ ನಿರ್ವಾಹವಿರಲಿಲ್ಲ. ಪೊಲೀಸರು ನಿಲ್ಲುವ ಜಾಗ ಬಂತೆಂದರೆ ಕಂಡಕ್ಟರು, "ಹ್ವಾಯ್, ಕೂಕಣಿ, ಕೂಕಣಿ!" ಎಂದು ಕೂಗುತ್ತಿದ್ದ. ನಿಂತವರೆಲ್ಲ ತಟ್ಟನೆ ಕುಕ್ಕರಗಾಲಿನಲ್ಲಿ ಕೂರುವುದು. ಹೊರಗಿನಿಂದ ನೋಡಿದರೆ ಸೀಟಿನಲ್ಲಿ ಕೂತವರ ತಲೆ ಮಾತ್ರ ಕಾಣಬೇಕು. ನಾನೂ ಬ್ರಹ್ಮಾವರಕ್ಕೆ ಹೋಗುವಾಗ ಪಟ್ಟೆ ಸೀರೆ ಉಟ್ಟು, ತಲೆಯಲ್ಲಿ ಅಬ್ಬಲಿಗೆ ಮುಡಿದುಕೊಂಡು, ಯಾರದ್ದೋ ಕೋಳಿಯ ಪಕ್ಕ ಹಾಗೆ ಕೂತವಳೇ. ಪೊಲೀಸರೇನು ಕುರುಡರೇ? ಬಸ್ಸಿನ ಹೊಟ್ಟೆ ನೆಲಕ್ಕೆ ತಾಗುತ್ತಿರುವುದು ಅವರಿಗೂ ಕಾಣುತ್ತಿತ್ತು. ನಂಬರು ಬರೆದುಕೊಂಡು ಸುಮ್ಮನಾಗುತ್ತಿದ್ದರು. ಅಂದು ಆ ಬಸ್ಸು ಓಡಿಸಿದವರು ಯಾರೆಂದು ತಿಳಿಸಿ ಎನ್ನುವ ಕಾಗದ ಆಮೇಲೆ ಧಣಿಗಳಿಗೆ ಬರುತ್ತಿತ್ತು.

ಆ ಕಾಗದಕ್ಕೆ ಉತ್ತರ ಕೊಡುವಲ್ಲಿ ಧಣಿಗಳು ತಮ್ಮದೇ ಒಂದು ಕ್ರಮ ಮಾಡಿಕೊಂಡಿದ್ದರು. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡ ಡ್ರೈವರನ ಲೈಸೆನ್ಸಿನಲ್ಲಿ ಕೆಂಪು ಶಾಯಿ ಬೀಳುತ್ತದೆ. ಒಬ್ಬನದರಲ್ಲೇ ಹೆಚ್ಚು ಬಿದ್ದರೆ ಮಂಗಳೂರಿನ ಸಾರಿಗೆ ಕಚೇರಿಯವರು ಲೈಸೆನ್ಸು ಅಮಾನತು ಮಾಡುತ್ತಾರೆ, ಬಸ್ಸು ಓಡಿಸಲು ಜನವಿಲ್ಲ. ಆದ್ದರಿಂದ ಯಾವ ದಿನ ಯಾರು ಓಡಿಸಿದರೂ ಸರಿ, ಕೇಸು ಮಾತ್ರ ಪಾಳಿಯ ಪ್ರಕಾರ. ಈ ಸಲದ್ದು ನೀನು ಒಪ್ಪಿಕೋ, ಬರುವ ಸಲದ್ದು ಅವನು. ದಂಡ ಧಣಿಗಳದ್ದು. ಕೋರ್ಟು ಮುಗಿದ ಮೇಲೆ ಎದುರಿನ ಹೋಟೆಲಿನಲ್ಲಿ ಗೋಳಿಬಜೆ, ಚಾ.

"ಎಲ್ಲ ಒಬ್ಬನ ತಲಿಗೇ ಬಿದ್ರೆ ಅವ ಮನಿಗ್ ಹೋತ. ಹಂಚ್ಕಂಡ್ರೆ ಯಾರಿಗೂ ಎಂತದೂ ಆತಿಲ್ಲೆ," ಎಂದು ಧಣಿಗಳು ನಮ್ಮ ಜಗಲಿಯಲ್ಲೇ ಕೂತು ಹೇಳಿದ್ದರು. ಕೇಳಿದರೆ ನ್ಯಾಯವೆಂದೇ ಕಾಣುತ್ತಿತ್ತು. ಗದ್ದೆಯ ನೀರನ್ನು ಪಾಳಿಯಲ್ಲಿ ಬಿಟ್ಟುಕೊಳ್ಳುವ ಊರಿನವರು ನಾವು. ತಪ್ಪನ್ನೂ ಹಾಗೇ ಬಿಟ್ಟುಕೊಂಡರೆ ತಪ್ಪೇನು ಎಂದು ಯಾರಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ.

ಮೊದಲ ಸಲ ಕೋರ್ಟಿಗೆ ಹೋಗುವ ಮುಂಚಿನ ದಿನ ಅವರಿಗೆ ಊಟ ಸೇರಲಿಲ್ಲ. ಅಲ್ಲಿ ಎಂತ ಕೇಳುತ್ತಾರೋ, ತನಗೆ ಮಾತು ತಪ್ಪೀತೋ ಎಂಬ ಹೆದರಿಕೆ. ನಾನು ಅಕ್ಕಿ ಗೇರುತ್ತಿದ್ದೆ. ಮೊರ ಹಿಡಿದುಕೊಂಡೇ ಮ್ಯಾಜಿಸ್ಟ್ರೇಟರಾದೆ. "ತಪ್ಪು ಒಪ್ಪಿಕೊಳ್ಳುತ್ತೀರಾ?" ಎಂದು ದಪ್ಪ ದನಿಯಲ್ಲಿ ಕೇಳಿದೆ. ಅವರು ಕಂಬದ ಹತ್ತಿರ ಕೈ ಕಟ್ಟಿ ನಿಂತು, "ಹೌದು ಸ್ವಾಮಿ, ತಪ್ಪಾಯ್ತು" ಎಂದರು. ನನಗೆ ನಗೆ ತಡೆಯದೆ ಅಕ್ಕಿಯೆಲ್ಲ ಅಂಗಳಕ್ಕೆ ಚೆಲ್ಲಿತು. ಮರುದಿನ ಬಂದು, ಹೆದರುವಂಥದ್ದು ಏನೂ ಇಲ್ಲ, ಬಾಗಿಲಲ್ಲಿ ಹೆಸರು ಕೂಗುತ್ತಾರೆ, ಕಟಕಟೆಯಲ್ಲಿ ನಿಂತು ಅಷ್ಟು ಹೇಳಿದರೆ ಮುಗಿಯಿತು ಎಂದು ಗೆಲುವಾಗಿಯೇ ಹೇಳಿದರು.

ಪಾಳಿಯೆಂದರೆ ಸಮನಾಗಿರಬೇಕಲ್ಲ? ಅದು ಸಮನಾಗಿದ್ದದ್ದು ಮೊದಲ ಒಂದೆರಡು ವರ್ಷ ಅಷ್ಟೆ. ಒಬ್ಬ ಡ್ರೈವರನಿಗೆ ಕೋರ್ಟಿನ ಮೆಟ್ಟಿಲು ಹತ್ತಿದರೆ ಹೊಟ್ಟೆ ಕೆಡುತ್ತಿತ್ತು. ಇನ್ನೊಬ್ಬನ ಪುಸ್ತಕದಲ್ಲಿ ಆಗಲೇ ಕೆಂಪು ಜಾಸ್ತಿ. ಮತ್ತೊಬ್ಬನಿಗೆ ಹೆಣ್ಣು ನೋಡುತ್ತಿದ್ದರು. ಅವರವರಿಗೆ ಅವರವರ ಕಾರಣ. ಎಲ್ಲ ಕಾರಣಗಳೂ ಸುತ್ತಿ ಬಂದು ನಮ್ಮ ಮನೆಯ ಜಗಲಿ ಹತ್ತುತ್ತಿದ್ದವು. ನಮ್ಮವರಿಗೆ ಇಲ್ಲ ಎನ್ನುವ ಶಬ್ದವನ್ನು ಅವರ ಅಮ್ಮ ಕಲಿಸಿರಲಿಲ್ಲ.

"ಹ್ವಾಯ್, ಆವತ್ ನೀವ್ ಜ್ವರ ಬಂದ್ ಮನಿಯಂಗೆ ಮಲ್ಕಂಡಿದ್ರಿ. ಗಂಜಿ ಕುಡ್ಸಿದ್ದ್ ನಾನ್. ಬಸ್ ಯಾರ್ ಓಡ್ಸಿರೋ ಎಂತೋ, ನೀವ್ ಎಂತಕ್ಕ್ ಹೋಪ್ದ್?" ಎಂದು ಒಮ್ಮೆ ಜಗಳವಾಡಿದೆ.

"ಅವಂಗ್ ಮುಂದಿನ್ ತಿಂಗ್ಳ್ ಮದಿ ಮಾರಾಯ್ತಿ. ಹೆಣ್ಣಿನ್ ಕಡಿಯವ್ರ್ ಲೈಸೆನ್ಸ್ ಕಾಂಬುಕ್ ಬತ್ರಂಬ್ರ್."

ಇದಕ್ಕೆ ನಾನು ಎಂತ ಹೇಳುವುದು? ನನ್ನ ಅಪ್ಪಯ್ಯನೂ ಲೈಸೆನ್ಸು ನೋಡಿಯೇ ನನ್ನನ್ನು ಕೊಟ್ಟದ್ದು. ಆ ಮದುವೆಗೆ ಹೋಗಿ ಹೋಳಿಗೆ ಊಟ ಮಾಡಿ ಬಂದೆವು. ಮದುಮಗನ ಪುಸ್ತಕ ತೊಳೆದಿಟ್ಟ ಹಾಗೆ ಬೆಳ್ಳಗಿತ್ತು.

ಹೀಗೆ ಕೆಂಪು ಬೆಳೆಯುತ್ತ ಬಂದು ಒಮ್ಮೆ ಮಂಗಳೂರಿನಿಂದ ಕಾಗದವೂ ಬಂತು. ಮೂರು ತಿಂಗಳು ಲೈಸೆನ್ಸು ಅಮಾನತು. ಧಣಿಗಳು ಸಂಬಳ ನಿಲ್ಲಿಸಲಿಲ್ಲ. ಅದೊಂದು ಮಾತು ಒಪ್ಪಬೇಕು. ಊರಿನವರೂ ತಮಾಷೆಯಾಗಿಯೇ ತೆಗೆದುಕೊಂಡರು. "ಡ್ರೈವರಿಗ್ ಸರ್ಕಾರದ್ ರಜೆ" ಎಂದು ನಕ್ಕರು. ಆಗ ಅವರೊಡನೆ ಬಸ್ಸಿನಲ್ಲಿ ತವರಿಗೆ ಹೋದದ್ದು ನೆನಪಿದೆ. ನನ್ನ ಪಕ್ಕ ಕೂತ ಮನುಷ್ಯ ಪ್ರತಿ ತಿರುವಿನಲ್ಲೂ ಬಲಗಾಲಿನಿಂದ ನೆಲ ಒತ್ತುತ್ತಿದ್ದರು. ಬ್ರಹ್ಮಾವರ ಬರುವಷ್ಟರಲ್ಲಿ ನನಗೇ ಕಾಲು ನೋಯಲು ಶುರುವಾಯಿತು. ಮೂರು ತಿಂಗಳು ಕಳೆದು ಪುಸ್ತಕ ವಾಪಸು ಬಂದ ದಿನ ಅದಕ್ಕೆ ಕುಂಕುಮ ಹಚ್ಚಿ, ಇನ್ನು ಬೇರೆಯವರ ಪಾಳಿ ಬೇಡವೆಂದು ಅವರಿಂದ ಮಾತು ತೆಗೆದುಕೊಂಡೆ. ಮಾತು ಕೊಟ್ಟರು. ಆಮೇಲೂ ಹೋದರು. ನನಗೆ ಹೇಳದೆ ಹೋದರು, ಅಷ್ಟೇ ವ್ಯತ್ಯಾಸ.

ನಿಜವಾದ ಕೇಸು ಬಂದದ್ದು ಅದಾಗಿ ಕೆಲವು ವರ್ಷಕ್ಕೆ, ಉಪ್ಪುಂದದಲ್ಲಿ. ಹೊಳೆಗಳಿಗೆ ಸೇತುವೆಗಳಾಗಿ ರಸ್ತೆಯ ಮೇಲೆ ಲಾರಿಗಳು ಹೆಚ್ಚಾದ ಕಾಲ ಅದು. ನಮ್ಮವರ ಬಸ್ಸಿಗೆ ದಿನವೂ ಬರುವ ಮೀನು ಮಾರುವ ಹೆಂಗಸೊಬ್ಬಳಿದ್ದಳು, ನನಗಿಂತ ಹತ್ತಿಪ್ಪತ್ತು ವರ್ಷ ದೊಡ್ಡವಳು. ಬೇರೆ ಬಸ್ಸಿನವರು ವಾಸನೆಯೆಂದು ಹತ್ತಿಸಿಕೊಳ್ಳದಿದ್ದರೆ ಇವರು ಕಾದು ಹತ್ತಿಸಿಕೊಳ್ಳುತ್ತಿದ್ದರು. ಆ ಬೆಳಿಗ್ಗೆ ಅವಳಿಗೆ ಇಳಿಯಬೇಕಾದಲ್ಲಿ ಬಸ್ಸು ನಿಂತಿತು. ಅವಳು ಇಳಿದು, ಬುಟ್ಟಿಯನ್ನು ಕಂಡಕ್ಟರನ ಕೈಯಿಂದ ತಲೆಗೆ ಇಟ್ಟುಕೊಂಡಿದ್ದಳು. ಎದುರಿಗೆ ಏರಿನ ಮೇಲಿಂದ ಇಳಿಯುವ ಒಂದು ಓಣಿ. ಹೆಂಚಿನ ಕಾರ್ಖಾನೆಯ ಕೆಲಸಕ್ಕೆ ಹೊರಟಿದ್ದ ಒಬ್ಬ ಯುವಕ ಅದರಲ್ಲಿ ಸೈಕಲ್ಲು ಬಿಟ್ಟುಕೊಂಡು ಬಂದ. ಸೈಕಲ್ಲಿಗೆ ಬ್ರೇಕಿರಲಿಲ್ಲ. ಕಾಲು ನೆಲಕ್ಕೆ ಊರುತ್ತ, "ಹೋಯ್ ಹೋಯ್" ಎಂದು ಕೂಗುತ್ತ ಬಂದು ನಿಂತ ಬಸ್ಸಿನ ಮುಂದಿನ ಮಡ್‌ಗಾರ್ಡಿಗೇ ಬಡಿದು ಬಿದ್ದ. ಕಾಲಿನ ಎಲುಬು ಮುರಿಯಿತು.

ನಮ್ಮವರು ಅವನನ್ನು ತಾವೇ ಎತ್ತಿ ಸೀಟಿನಲ್ಲಿ ಮಲಗಿಸಿ, ಶಿರೂರಿಗೆ ಹೋಗುತ್ತಿದ್ದ ಬಸ್ಸನ್ನು ಜನರ ಸಮೇತ ಹಿಂದಕ್ಕೆ ತಿರುಗಿಸಿ ಕುಂದಾಪುರದ ಆಸ್ಪತ್ರೆಗೆ ತಂದರು. ಬಸ್ಸು ಬೆಳಿಗ್ಗೆ ಉಲ್ಟಾ ದಿಕ್ಕಿನಿಂದ ಬಂದು ನಮ್ಮ ಮನೆಯ ಎದುರು ಹಾದುಹೋದಾಗಲೇ ನಾನು ಕೆಲಸ ಬಿಟ್ಟು ರಸ್ತೆಗೆ ಓಡಿದೆ. ಅವನ ಕಾಲು ಆಮೇಲೆ ಸರಿಯಾಯಿತು, ಸ್ವಲ್ಪ ಎಳೆದು ನಡೆಯುತ್ತಿದ್ದ. ಆದರೆ ಸೈಕಲ್ಲಿಗೂ ಬಸ್ಸಿಗೂ ತಾಗಿದರೆ ಬಸ್ಸಿನ ಮೇಲೆಯೇ ಕೇಸು. ಅತಿವೇಗದಿಂದಲೂ ಅಜಾಗರೂಕತೆಯಿಂದಲೂ ವಾಹನ ಓಡಿಸಿ ಒಬ್ಬನಿಗೆ ಗಾಯ ಮಾಡಿದ್ದಾರೆಂದು ಬರೆದರು. ನಿಂತ ಬಸ್ಸನ್ನು ಅತಿವೇಗದಿಂದ ಓಡಿಸುವ ವಿದ್ಯೆ ನನ್ನ ಗಂಡನಿಗೆ ಮಾತ್ರ ಗೊತ್ತಿತ್ತೆಂದು ಕಾಣುತ್ತದೆ.

ಈ ಕೇಸು ಪಾಳಿಯದ್ದಲ್ಲ. ನೋಡಿದ ಜನ ಬಸ್ಸಿನ ತುಂಬ ಇದ್ದರು. ಧಣಿಗಳು ವಕೀಲರನ್ನೂ ಇಟ್ಟರು. ವಕೀಲರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದ್ದು ಇಷ್ಟು: ಈ ಕೇಸಿನಲ್ಲಿ ಹುರುಳಿಲ್ಲ, ಬಸ್ಸು ನಿಂತಿತ್ತೆನ್ನಲು ಮೀನಿನ ಹೆಂಗಸೇ ಸಾಕ್ಷಿ, ಬಿಡುಗಡೆ ಖಂಡಿತ. ಆದರೆ ಇದರಲ್ಲಿ ಶಿಕ್ಷೆಯಾದರೆ ಹಿಂದಿನ ಅಷ್ಟೂ ಕೆಂಪು ಶಾಯಿ ಎದ್ದು ಬರುತ್ತದೆ, ಲೈಸೆನ್ಸು ಈ ಸಲ ತಿಂಗಳ ಲೆಕ್ಕದಲ್ಲಲ್ಲ, ವರ್ಷದ ಲೆಕ್ಕದಲ್ಲಿ ಹೋದೀತು. ಕೇಳಿದಾಗ "ಇಲ್ಲ ಸ್ವಾಮಿ, ನನ್ನ ತಪ್ಪಿಲ್ಲ" ಎನ್ನಿ. ಉಳಿದದ್ದು ನನಗೆ ಬಿಡಿ.

ಅಷ್ಟು ಸಣ್ಣ ಮಾತು. ಆದರೂ ನಾನು ಬಿಡಲಿಲ್ಲ. ಬಡಿಸುವಾಗ ಕೇಳುವುದು, ಬಾವಿಕಟ್ಟೆಯಲ್ಲಿ ಕೇಳುವುದು. "ತಪ್ಪು ಒಪ್ಪಿಕೊಳ್ಳುತ್ತೀರಾ?" ಅವರು ಗದರಿಸಿಕೊಂಡ ಮಗುವಿನಂತೆ, "ಇಲ್ಲ ಸ್ವಾಮಿ, ನನ್ನ ತಪ್ಪಿಲ್ಲ" ಎನ್ನುತ್ತಿದ್ದರು. ಒಮ್ಮೆಯೂ ತಪ್ಪಲಿಲ್ಲ. "ಸಾಕ್ ಮಾರಾಯ್ತಿ, ಕನಸಂಗೂ ಅದೇ ಹೇಳ್ತೆ" ಎಂದು ಕಡೆಗೆ ರೇಗಿದರು.

ಆ ದಿನ ನಾನೂ ಹೋದೆ. ಹೆಂಗಸರು ಕೋರ್ಟಿಗೆ ಬರುವುದೆಂದರೆ ಆಗ ಜಾಗದ ತಗಾದೆಗೆ ಮಾತ್ರ. ಕೋರ್ಟಿನ ಜಗಲಿಯ ಕಿಟಕಿಯ ಪಕ್ಕದಲ್ಲಿ ಕೊಡೆ ಹಿಡಿದು ನಿಂತೆ. ಮೀನಿನ ಅಕ್ಕನೂ ಬಂದಿದ್ದಳು. ವ್ಯಾಪಾರ ಬಿಟ್ಟು, ತಲೆಗೆ ಸ್ನಾನ ಮಾಡಿ, ತೊಳೆದ ಸೀರೆ ಉಟ್ಟು ಬಂದರೂ ಜವಾನ ಅವಳನ್ನು ಮೂಗು ಮುಚ್ಚಿಕೊಂಡು ದೂರ ಕೂರಿಸಿದ. ಅವಳು ಅದಕ್ಕೆ ಕಿಮ್ಮತ್ತು ಕೊಡಲಿಲ್ಲ. "ನೀ ಹೆದ್ರಬ್ಯಾಡ ತಂಗಿ. ಓಡು ಬಸ್ಸಿಂದ ಇಳುಕ್ ನಂಗೆಂತ ಮರ್ಲಾ, ಹುಚ್ಚಾ ಅಂದೇ ಕೇಂತೆ ಅವ್ರತ್ರ," ಎಂದಳು.

ಅವತ್ತು ವಕೀಲರಿಗೆ ಪಕ್ಕದ ಕೋರ್ಟಿನಲ್ಲಿ ಇನ್ನೊಂದು ಕೇಸಿತ್ತು. ನಿಮ್ಮದು ಮಧ್ಯಾಹ್ನದ ಮೇಲೆ ಬರುವುದು, ಅಷ್ಟರಲ್ಲಿ ಬಂದೆ ಎಂದು ಹೋದರು. ಆದರೆ ಮುಂಚಿನ ಕೇಸಿನವರು ಬಾರದೆ ನಮ್ಮದನ್ನೇ ಕರೆದರು. ಜವಾನ ಬಾಗಿಲಲ್ಲಿ ನಿಂತು ನಮ್ಮವರ ಹೆಸರನ್ನು ಮೂರು ಸಲ ಕೂಗಿದ. ಆ ಕೂಗಿಗೆ ಅವರು ಎದ್ದು ಹೋದ ಚಂದ ನೋಡಬೇಕಿತ್ತು. ಎಲ್ಲಿ ಚಪ್ಪಲಿ ಬಿಡಬೇಕು, ಎಲ್ಲಿ ತಗ್ಗಿ ನಡೆಯಬೇಕು, ಎಲ್ಲಿ ನಿಂತು ಕೈ ಮುಗಿಯಬೇಕು, ಎಲ್ಲವೂ ಗೊತ್ತು. ದೇವಸ್ಥಾನದಲ್ಲಿ ಅಷ್ಟು ಸಲೀಸಾಗಿ ಓಡಾಡಿದ್ದನ್ನು ನಾನು ಕಂಡಿಲ್ಲ. ಕಟಕಟೆಯ ಮರದ ಮೇಲೆ ಎಡಗೈಯನ್ನು ಎಂದೂ ಇಡುವ ಜಾಗದಲ್ಲೇ ಇಟ್ಟರು.

ಗುಮಾಸ್ತ ಆರೋಪ ಓದಿದ. ಮ್ಯಾಜಿಸ್ಟ್ರೇಟರು ತಲೆಯೆತ್ತದೆ ಕೇಳಿದರು, "ತಪ್ಪು ಒಪ್ಪಿಕೊಳ್ಳುತ್ತೀರಾ?"

"ಹೌದು ಸ್ವಾಮಿ, ತಪ್ಪಾಯ್ತು," ಎಂದರು ನನ್ನ ಗಂಡ.

ನನ್ನ ಕೈಯಿಂದ ಕೊಡೆ ಬಿತ್ತು. ಆ ಸದ್ದಿಗೆ ಜವಾನ ನನ್ನತ್ತ ಕಣ್ಣು ಬಿಟ್ಟ. ಮ್ಯಾಜಿಸ್ಟ್ರೇಟರು ಒಳ್ಳೆಯವರೇ ಇರಬೇಕು. ಪೆನ್ನು ಕೆಳಗಿಟ್ಟು ಮುಖ ನೋಡಿ, "ನಿಮ್ಮ ವಕೀಲರಿಲ್ಲವೇ? ಆರೋಪ ಏನೆಂದು ತಿಳಿದು ಹೇಳಿದ್ದೀರಾ?" ಎಂದು ಇನ್ನೊಮ್ಮೆ ಕೇಳಿದರು. ನಾನು ಕಿಟಕಿಯ ಸರಳು ಹಿಡಿದು "ಇಲ್ಲ ಎನ್ನಿ, ಇಲ್ಲ ಎನ್ನಿ" ಎಂದು ಮನಸ್ಸಿನಲ್ಲೇ ಕೂಗಿದೆ. ಬಾಯಿ ಬಿಟ್ಟು ಕೂಗುವ ಧೈರ್ಯವಿರಲಿಲ್ಲ. ಅವರು ಮತ್ತೆ ಕೈ ಮುಗಿದರು. ಆಮೇಲೆ, "ತಿಳಿದೇ ಹೇಳಿದ್ದು ಸ್ವಾಮಿ. ತಪ್ಪಾಯ್ತು," ಎಂದರು.

ವಕೀಲರು ಕೋಟು ಹಾರಿಸುತ್ತ ಓಡಿಬರುವಷ್ಟರಲ್ಲಿ ಹಿಂದಿನ ಶಿಕ್ಷೆಗಳನ್ನು ಓದುತ್ತಿದ್ದರು. ಜ್ವರದಲ್ಲಿ ಮಲಗಿದ ದಿನದ್ದು, ಮದುಮಗನದ್ದು, ಹೊಟ್ಟೆ ಕೆಟ್ಟವನದ್ದು, ಒಂದೊಂದಾಗಿ ಎಲ್ಲ ಬಂದವು. ಕೇಳುತ್ತ ಕೇಳುತ್ತ ಮ್ಯಾಜಿಸ್ಟ್ರೇಟರ ಮುಖದಲ್ಲಿದ್ದ ಮರುಕ ಹೊರಟುಹೋಯಿತು. ದಂಡ, ಜೊತೆಗೆ ಒಂದು ವರ್ಷ ಲೈಸೆನ್ಸು ಅಮಾನತು. ತಾನಾಗಿ ಒಪ್ಪಿಕೊಂಡವನಿಗೆ ಮೇಲಿನ ಕೋರ್ಟಿನಲ್ಲೂ ಬಾಗಿಲಿಲ್ಲ ಎಂದು ವಕೀಲರು ಹಣೆ ಚಚ್ಚಿಕೊಂಡರು. ಮೀನಿನ ಅಕ್ಕನನ್ನು ಯಾರೂ ಒಳಗೆ ಕರೆಯಲೇ ಇಲ್ಲ. ಅವಳು ಸಂಜೆಯವರೆಗೂ ಕಾಯುವವಳೇ, ನಾನು ಹೋಗಿ ಎಬ್ಬಿಸಿದೆ.

ಮೆಟ್ಟಿಲಿಳಿಯುವಾಗ ನನ್ನ ಸಿಟ್ಟು ನೆತ್ತಿಗೇರಿತ್ತು. "ಎಂತಕ್ಕ್ ಹಾಂಗ್ ಹೇಳಿದ್ರಿ? ನಾನ್ ಹೇಳಿಕೊಟ್ಟದ್ದ್ ಎಂತದ್, ನೀವ್ ಹೇಳಿದ್ದ್ ಎಂತದ್?"

ಅವರು ಬೆವರು ಒರೆಸಿಕೊಂಡರು. "ಅಲ್ ನಿಂತ್ರೆ ಬಾಯಿಗ್ ಅದೇ ಬತ್ತ್ ಮಾರಾಯ್ತಿ. ನಂಗ್ ಗೊತ್ತಾಪ್ಕೆ ಮುಂಚೆ ಹೇಳಿಯಾಯ್ತ್."

"ಎರಡ್ನೇ ಸಲ ಕೇಂಡ್ರಲೆ?"

"ಒಮ್ಮೆ ಹೇಳಿಯಾದ್ಮೇಲೆ ಅಷ್ಟ್ ದೊಡ್ಡವ್ರ ಎದ್ರಿಗ್ ಮಾತ್ ಮಗುಚುದ್ ಹ್ಯಾಂಗೆ?"

ಬೇರೆ ಊರಿನವರಿಗೆ ಇದು ಅರ್ಥವಾದೀತೋ ಇಲ್ಲವೋ. ನನಗೆ ಅರ್ಥವಾಯಿತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಜೊತೆಗೆ ಬಂದಿದ್ದ ಡ್ರೈವರುಗಳು ಎಂದಿನ ಹಾಗೆ ಎದುರಿನ ಹೋಟೆಲಿಗೆ ಕರೆದರು. ಗೋಳಿಬಜೆ ಬಂತು. ಯಾರೂ ಮುಟ್ಟಲಿಲ್ಲ.

ನಾನು ಧಣಿಗಳ ಮನೆಗೂ ಹೋಗಿ ಕೂಗಾಡಿದೆ. ಅವರಾದರೂ ಎಂತ ಮಾಡಿಯಾರು? "ಓವರ್‌ಲೋಡಿಗೆ ಒಪ್ಕೊ ಅಂದದ್ದ್ ಹೌದಮ್ಮ. ಇದಕ್ಕೂ ಒಪ್ಕೊ ಅಂದ್ ನಾನ್ ಹೇಳಿದ್ನಾ?" ಎಂದರು. ಹೇಳಿರಲಿಲ್ಲ. ನಾನು ಬಂದ ದಾರಿಗೆ ಸುಂಕವಿಲ್ಲದೆ ಮನೆಗೆ ಬಂದೆ.

ಒಂದು ವರ್ಷ ದೊಡ್ಡದಲ್ಲ, ಕಳೆಯುತ್ತದೆ ಎಂದುಕೊಂಡಿದ್ದೆ. ಮೊದಲ ತಿಂಗಳುಗಳಲ್ಲಿ ಯಾರಾದರೂ ಕೇಳಿದರೆ ಅವರು, "ಬಸ್ ನಿಂತಿತ್ತ್, ಅವನೇ ಬಂದ್ ಹೊಡ್ದದ್ದ್" ಎನ್ನುತ್ತಿದ್ದರು. ಕೇಳಿದವರು, "ಮತ್ತೆ ಕೋರ್ಟಂಗೆ ಒಪ್ಕಂಡ್ರಂಬ್ರಲೆ?" ಎನ್ನುತ್ತಿದ್ದರು. ಮಳೆಗಾಲ ಹಿಡಿಯುವ ಹೊತ್ತಿಗೆ ನಿಂತಿತ್ತೆನ್ನುವುದನ್ನು ಬಿಟ್ಟು, "ನಿಂತ್ ಹಾಂಗೇ ಇತ್ತ್" ಎನ್ನತೊಡಗಿದರು. ಅನ್ನ ಕಲಸುತ್ತ ಕೈ ನಿಲ್ಲಿಸಿ, "ನಾನ್ ಬ್ರೇಕಿಂದ ಕಾಲ್ ತೆಗ್ದಿದ್ನೇನೋ" ಎಂದು ಒಮ್ಮೆ ತಮಗೆ ತಾವೇ ಹೇಳಿಕೊಂಡರು. ನಾನು ಸೌಟು ಹಿಡಿದುಕೊಂಡು ನಿಂತಲ್ಲೇ ನಿಂತೆ. ಲೈಸೆನ್ಸು ಹೋದದ್ದಕ್ಕೆ ನಾನು ಅತ್ತಿರಲಿಲ್ಲ. ಆ ದಿನ ಕೊಟ್ಟಿಗೆಗೆ ಹೋಗಿ ಅತ್ತೆ. ಈ ಮನುಷ್ಯನ ಹತ್ತಿರ ಇದ್ದದ್ದು ಒಂದೇ ಒಂದು ಆಸ್ತಿ, ತಾನು ಜೋಪಾನದ ಡ್ರೈವರು ಎಂಬುದು. ಊರೆಲ್ಲ ಏನೇ ಅಂದರೂ ಅದು ಅವರಿಗೆ ಗೊತ್ತಿತ್ತು. ಈಗ ಅದೂ ಕೈಬಿಟ್ಟು ಹೋಗುತ್ತಿತ್ತು, ನಾನು ನೋಡುತ್ತಿದ್ದಂತೆಯೇ.

ವರ್ಷ ಕಳೆಯಿತು. ಲೈಸೆನ್ಸು ಬಂತು. ಧಣಿಗಳು ಅದೇ ಬಸ್ಸು, ಅದೇ ಟ್ರಿಪ್ಪು ಕೊಟ್ಟರು. ಖಾಕಿ ತೊಟ್ಟು ಹೊರಟರು. ನಾನು ಬುತ್ತಿ ಹಿಡಿದು ರಸ್ತೆಗೆ ಬಂದರೆ ಬಸ್ಸಿನ ಸುದ್ದಿಯಿಲ್ಲ. ಅವರ ಹಿಂದೆ ಹೊರಡುವ ಬಸ್ಸೇ ಮುಂದೆ ಹೋಯಿತು. ಆಮೇಲೆ ಬಂತು ನಮ್ಮದು. ಬುತ್ತಿಗಾಗಿ ಕಿಟಕಿಯಿಂದ ಕೈ ಬರಲಿಲ್ಲ. ಬಸ್ಸು ಪೂರಾ ನಿಂತಿತು. ಅವರು ಇಳಿದು, ಬುತ್ತಿ ತೆಗೆದುಕೊಂಡು, ಬಸ್ಸಿನ ಮುಂದೆ ಹೋಗಿ ಬಗ್ಗಿ ಎರಡೂ ಚಕ್ರದ ಎದುರು ನೋಡಿ, ಮಡ್‌ಗಾರ್ಡು ಕೈಯಿಂದ ಸವರಿ, ಮತ್ತೆ ಹತ್ತಿದರು. ಹತ್ತಿದವರು ಇನ್ನೊಮ್ಮೆ ಇಳಿದು ನೋಡಿದರು. ಒಳಗಿದ್ದವರು ನನ್ನತ್ತ ನೋಡದೆ ಕೂತಿದ್ದರು. ಕುಂದಾಪುರದಿಂದ ತ್ರಾಸಿಯವರೆಗೆ ನಿಲ್ಲಿಸಿದಲ್ಲೆಲ್ಲ ಹೀಗೇ ಮಾಡಿದ್ದಾರೆಂದು ಕಂಡಕ್ಟರು ಪಿಸುಗುಟ್ಟಿದ.

ಕೆಲವು ದಿನ ಜನ ಸಹಿಸಿಕೊಂಡರು. ಹಳೆಯ ಡ್ರೈವರು, ಒಳ್ಳೆಯವರು. ಆದರೆ ಕೋರ್ಟಿಗೆ ಹೋಗುವವರಿಗೆ ಕೋರ್ಟು ತಪ್ಪಿತು, ಆಸ್ಪತ್ರೆಗೆ ಹೋಗುವವರಿಗೆ ಚೀಟಿ ತಪ್ಪಿತು. ನಿಧಾನಕ್ಕೆ ಎಲ್ಲರೂ ಹಿಂದಿನ ಬಸ್ಸಿಗೆ ಕಾಯತೊಡಗಿದರು. ಜೀವಮಾನವಿಡೀ ಹೆಚ್ಚು ಜನ ತುಂಬಿದ ತಪ್ಪು ಹೊತ್ತವರ ಬಸ್ಸು ಖಾಲಿ ಓಡಿತು. ಧಣಿಗಳು ಸ್ವಲ್ಪ ವಿಶ್ರಾಂತಿ ತೆಗೆದುಕೊಳ್ಳಿ ಎಂದರು.

ಆಗ ನನಗೆ ಮೀನಿನ ಅಕ್ಕನ ನೆನಪಾಯಿತು. ಬಸ್ಸು ಅಲುಗಾಡಿತ್ತೋ ಇಲ್ಲವೋ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೋರ್ಟು ಕೇಳದಿದ್ದರೆ ಬೇಡ, ಇವರಾದರೂ ಕೇಳಲಿ. ಹೇಳಿ ಕಳಿಸಿದೆ. ಅವಳು ವ್ಯಾಪಾರ ಮುಗಿಸಿ ಬಂದು, ಖಾಲಿ ಬುಟ್ಟಿಯನ್ನು ಅಂಗಳದಲ್ಲಿಟ್ಟು, ಜಗಲಿಯ ತುದಿಗೆ ಕೂತಳು. ನಾನು ಎಲೆ ಅಡಿಕೆ ಕೊಟ್ಟೆ. ಇವರು ಕಂಬಕ್ಕೆ ಒರಗಿ ಕೂತಿದ್ದರು.

"ಡ್ರೈವರಣ್ಣ, ಬಸ್ ನಿಂತಿತ್ತ್," ಎಂದಳು ಅವಳು. "ನಾನ್ ಇಳ್ದಾಯ್ತ್, ಬುಟ್ಟಿ ತಲಿಗ್ ಬಂದಾಯ್ತ್, ಮತ್ತೆ ಅವ ಬಂದದ್ದ್. ಬಸ್ ಒಂದ್ ಬೆರಳೂ ಮುಂದ್ ಹೋಯಿಲ್ಲೆ. ನನ್ ಮಕ್ಳಾಣೆ."

ಅವರು ಪೂರಾ ಕೇಳಿದರು. ಎಷ್ಟೋ ತಿಂಗಳ ಮೇಲೆ ಅವರ ಮುಖದಲ್ಲಿ ನಗೆ ಕಂಡಿತು. ಗೆದ್ದೆ ಎಂದುಕೊಂಡೆ ನಾನು.

"ನೀವ್ ದೊಡ್ಡ ಮನ್ಸಿನವ್ರ್ ಅಕ್ಕ," ಎಂದರು. "ನನ್ನ ಉಳ್ಸುಕೆ ಹೇಳ್ತ್ರಿ."

"ಉಳ್ಸುಕಲ್ಲ ಮಾರಾಯ್ರೆ, ಕಂಡದ್ದ್ ಹೇಳ್ತೆ."

"ಇರ್ಲಿ ಅಕ್ಕ. ಒಬ್ರನ್ ಉಳ್ಸುಕ್ ಹೊರಟವ್ರ್ ಹ್ಯಾಂಗ್ ಮಾತಾಡ್ತ್ರ್ ಅಂಬ್ದ್ ನಂಗ್ ಗೊತ್ತಿಲ್ಯಾ? ನಾನೂ ಅಷ್ಟ್ ವರ್ಷ ಕೋರ್ಟಂಗೆ ನಿಂತ್ ಹಾಂಗೇ ಹೇಳ್ದವ."

ಅವಳು ನನ್ನ ಮುಖ ನೋಡಿದಳು. ನಾನು ಎದ್ದು ಬುಟ್ಟಿ ಎತ್ತಿಕೊಟ್ಟೆ. ಮರು ವರ್ಷ ಲೈಸೆನ್ಸು ಹೊಸದು ಮಾಡಿಸುವ ದಿನ ಬಂದಾಗ ಅವರು ಮಂಗಳೂರಿಗೆ ಹೋಗಲಿಲ್ಲ. ಹೋಗಿ ಎಂದು ನಾನೂ ಹೇಳಲಿಲ್ಲ.